ಅಮೇರಿಕದ ವೃತ್ತಪತ್ರಗಳೂ ಮಾನಹಾನಿಯ ಕಟ್ಟಳೆಯೂ



ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವೃತ್ತಪತ್ರಗಳಿಗಿರುವ ಸ್ವಾತಂತ್ರ್ಯವೆಷ್ಟು, ಆ ಸ್ವಾತಂತ್ರ್ಯಕ್ಕೆ ಮಾನಹಾನಿಯ ಕಾಯಿದೆಯು ಹಾಕಿರುವ ಎಲ್ಲೆ ಯಾವುದು ಎಂಬ ವಿಷಯವನ್ನು ಕುರಿತು ಈ ದಿನ ನಾವು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು. ಬೇರೆ ಹೆಚ್ಚಿನ ದೇಶಗಳಲ್ಲಿ ಕಾಣದಷ್ಟು ಸಲಿಗೆಯನ್ನು ಆ ದೇಶದವರು ತಮ್ಮ ಪತ್ರಗಳಿಗೆ ಕೊಟ್ಟಿರುವರು. ತಪ್ಪು ಸಂಗತಿಯನ್ನು ಅಚ್ಚುಮಾಡಿದ ಪತ್ರವು ಕೂಡ ಅಲ್ಲಿ ಎಷ್ಟೋ ಸಲ ದಂಡವಿಲ್ಲದೆ ಪಾರಾಗುವುದು. ಕೇಳಿದೊಡನೆ ಇದು ಅನ್ಯಾಯವೆಂದು ತೋರುವುದು ಸಹಜವೇ ಸರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುವರು. ಹೋದ ಹಣವನ್ನು ಮರಳಿ ಗಳಿಸಬಹುದು; ಹೋದ ಹೆಸರನ್ನು ಗಳಿಸುವುದು ದುಸ್ತರ. ಹೀಗಿರುತ್ತಿರಲು ಆ ಜನರು ಇಂಥ ಕಟ್ಟಳೆಯನ್ನು ಏಕೆ ಮಾಡಿಕೊಂಡರು? ಅದರಿಂದ ಯಾರಿಗೆ ರಕ್ಷಣೆ ದೊರೆಯಿತು? ಯಾರು ನೊಂದರು? ಕಾಯಿದೆಯು ಕಾಯದೆ ಬಿಟ್ಟ ಎಡೆಯನ್ನು ಕಾಯುವವರು ಯಾರು? ಈ ಪ್ರಶ್ನೆಗಳನ್ನು ಅಲ್ಲಿಯ ಖಟ್ಲೆಗಳ ಮೂಲಕವೇ ವಿಚಾರಿಸಿ ನೋಡೋಣ.

ಮೊದಲು ಹಳೆಯ ಸಂಗತಿ. ನ್ಯೂಯಾರ್ಕ್ ಪ್ರಾಂತವು ಇನ್ನೂ ಇಂಗ್ಲಂಡದ ವಸಾಹತಾಗಿದ್ದ ಕಾಲದಲ್ಲಿ ವಿಲಿಯಂ ಕಾಸ್ಬಿ ಎಂಬವನು ಅಲ್ಲಿ ಗವರ್ನರನಾಗಿದ್ದನು. ಅವನ ಆಡಳಿತವನ್ನು ಖಂಡಿಸುವ ಲೇಖಗಳು 'ನ್ಯೂಯಾರ್ಕ್ ವೀಕ್ಲಿ ಜರ್ನಲ್' ಎಂಬ ವಾರಪತ್ರದಲ್ಲಿ ಬರುತ್ತಿದ್ದುವು. ಬರೆದವರು ಬೇರೆಯವರಾದರೂ ಅಚ್ಚುಹಾಕುತ್ತಿದ್ದವನು ಜರ್ಮನಿಯಿಂದ ಬಂದು ನೆಲಸಿದ ಜಾನ್ ಪೀಟರ್ ಝೆಂಗರ್ ಎಂಬ ಮುದ್ರಕನು. ೧೭೩೪ನೆಯ ಇಸವಿಯ ನವೆಂಬರದಲ್ಲಿ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಎಂಟು ತಿಂಗಳಿಗೂ ಮಿಕ್ಕಿ ಅವನು ಸೆರೆಮನೆಯಲ್ಲಿ ಕೊಳೆಯುತ್ತಿರಲು, ಅವನ ಹೆಂಡತಿ ಆನಾ ಎಂಬ ಸಾಧ್ವಿಯು ಪತ್ರವನ್ನು ನಿಲ್ಲಗೊಡದೆ ನಡೆಯಿಸಿದಳು. ಅವನ ಪರವಾಗಿ ನಿಂತ ವಕೀಲರ ಸನದನ್ನು ನ್ಯಾಯಾಧೀಶನು ಕಸಿದುಕೊಂಡನು. ಆಗ ಫಿಲಡೆಲ್ಫಿಯದಿಂದ ಆಂಡ್ರ್ಯೂ ಹ್ಯಾಮಿಲ್ಟನ್ ಎಂಬ ವಯೋವೃದ್ಧನಾದ ನ್ಯಾಯವಾದಿಯು ಬಂದನು. ಅಚ್ಚುಹಾಕಿದ್ದು ನಿಜ, ಆದರೆ ಅಚ್ಚಾದ ಸಂಗತಿಯೂ ನಿಜ. ನಿಜವನ್ನು ಹೇಳಿದವನು ಅಪರಾಧಿಯೇ? ಇದು ಅವನ ವಾದದ ತಿರುಳು. ಆ ಕಾಲದ ಕಾಯಿದೆಯ ಪ್ರಕಾರ ಈ ವಾದಕ್ಕೆ ಎಡೆಯೇ ಇರಲಿಲ್ಲ. ಸರಕಾರವನ್ನು ನಿಂದಿಸುವ ಮಾತು ನಿಜವಾದಷ್ಟೂ ಹೆಚ್ಚು ಅಪಾಯಕರವೆಂದು ಅಂದಿನ ನ್ಯಾಯಶಾಸ್ತ್ರವು ಬಗೆದಿತ್ತು. ಆದರೂ ೧೭೩೫ನೆಯ ಆಗಸ್ಟ ೪ರಂದು ಜೂರಿಯ ಪಂಚರು ನ್ಯಾಯಾಧೀಶನ ಮುಖವನ್ನು ನೋಡದೆ ತಮ್ಮ ಅಂತಃಸಾಕ್ಷಿಯನ್ನು ನೋಡಿ ಅವನನ್ನು ನಿರಪರಾಧಿಯೆಂದು ಬಿಟ್ಟುಬಿಟ್ಟರು. ಕಾಯಿದೆಯು ಅಂದೇ ಬದಲಾಗಲಿಲ್ಲ. ಆದರೆ ಜನರ ಮನಸ್ಸು ಬದಲಾಯಿತು. ನಿಜವು ಬರೆದವನ ಗುರಾಣಿಯಾಗಬೇಕು ಎಂಬ ಭಾವನೆಯು ಆ ನಾಡಿನಲ್ಲಿ ಬೇರೂರಿತು.

ನಿಜವೊಂದೇ ಗುರಾಣಿಯಾದರೆ ಸಾಕೇ? ಸಾಲದು ಎಂಬುದನ್ನು ಅವರು ಬೇಗನೆ ಕಂಡುಕೊಂಡರು. ಸ್ವತಂತ್ರವಾದ ಬಳಿಕ ೧೭೯೧ರಲ್ಲಿ ತಮ್ಮ ರಾಜ್ಯಘಟನೆಗೆ ಪ್ರಥಮ ತಿದ್ದುಪಡಿಯನ್ನು ಸೇರಿಸಿ, ವಾಕ್ಸ್ವಾತಂತ್ರ್ಯವನ್ನೂ ಮುದ್ರಣಸ್ವಾತಂತ್ರ್ಯವನ್ನೂ ಕುಗ್ಗಿಸುವ ಯಾವ ಕಾಯಿದೆಯನ್ನೂ ಕಾಂಗ್ರೆಸ್ ಸಭೆಯು ಮಾಡಕೂಡದೆಂದು ವಿಧಿಸಿಕೊಂಡರು. ಏಳು ವರ್ಷಗಳು ಕಳೆಯುವಷ್ಟರಲ್ಲಿ, ೧೭೯೮ರಲ್ಲಿ, ಅದೇ ಕಾಂಗ್ರೆಸ್ ಸಭೆಯೇ ರಾಜದ್ರೋಹದ ಕಾಯಿದೆಯೊಂದನ್ನು ಮಾಡಿ ಸರಕಾರವನ್ನೂ ಅಧ್ಯಕ್ಷರನ್ನೂ ಕೆಟ್ಟ ಉದ್ದೇಶದಿಂದ ಸುಳ್ಳಾಗಿ ನಿಂದಿಸುವವರಿಗೆ ಸೆರೆಮನೆಯನ್ನು ತೋರಿಸಿತು. ಝೆಂಗರನಿಗೆ ದೊರೆಯದ ಗುರಾಣಿಯು ಈ ಕಾಯಿದೆಯಲ್ಲಿ ಇತ್ತೆಂಬುದನ್ನು ತಾವು ಲಕ್ಷ್ಯದಲ್ಲಿಡಬೇಕು. ಬರೆದುದು ನಿಜವೆಂದು ಸಿದ್ಧಮಾಡಿಕೊಟ್ಟರೆ ಬಿಡುಗಡೆಯೆಂದು ಅದರಲ್ಲಿಯೇ ಹೇಳಿತ್ತು. ಆದಾಗ್ಯೂ ಜನರು ಸೆರೆಮನೆ ಸೇರಿದರು. ಅಧ್ಯಕ್ಷನು ಆಡಂಬರಪ್ರಿಯನು, ಅಧಿಕಾರದಾಹಿಯು ಎಂಬ ಅಭಿಪ್ರಾಯವನ್ನು ಸಾಕ್ಷಿ ಪುರಾವೆಗಳಿಂದ ಸಿದ್ಧಮಾಡಿ ತೋರಿಸುವುದು ಹೇಗೆ? ವರ್ಮಾಂಟ್ ಸಂಸ್ಥಾನದ ಪ್ರತಿನಿಧಿಯಾದ ಮ್ಯಾಥ್ಯೂ ಲಯನ್ ಎಂಬವನು ಅಧ್ಯಕ್ಷ ಜಾನ್ ಆ್ಯಡಮ್ಸನನ್ನು ಟೀಕಿಸಿದ್ದಕ್ಕಾಗಿ ನಾಲ್ಕು ತಿಂಗಳ ಸೆರೆಯನ್ನೂ ೧೦೦೦ ಡಾಲರು ದಂಡವನ್ನೂ ಅನುಭವಿಸಬೇಕಾಯಿತು. ಅವನ ಕ್ಷೇತ್ರದ ಜನರಾದರೋ ಅವನು ಸೆರೆಯಲ್ಲಿರುವಾಗಲೇ ಅವನನ್ನು ಮತ್ತೆ ಚುನಾಯಿಸಿ ತಮ್ಮ ತೀರ್ಪನ್ನು ಕೊಟ್ಟರು. ಆ ಕಾಯಿದೆಯು ೧೮೦೧ರಲ್ಲಿ ತನ್ನ ಅವಧಿ ಮುಗಿದು ಅಳಿದುಹೋಯಿತು. ಹೊಸ ಅಧ್ಯಕ್ಷನಾದ ಜೆಫರ್ಸನ್ನನು ಶಿಕ್ಷೆಗೊಳಗಾದವರನ್ನು ಕ್ಷಮಿಸಿದನು.

ಇನ್ನೊಂದು ಮೆಟ್ಟಿಲು ೧೯೩೧ರದು. ಮಿನೆಸೋಟ ಸಂಸ್ಥಾನದವರು ೧೯೨೫ರಲ್ಲಿ, ನಿಂದಾಪ್ರಚುರವಾದ ಪತ್ರಗಳನ್ನು ನ್ಯಾಯಾಲಯದ ಆಜ್ಞೆಯಿಂದ ಮುಚ್ಚಿಸಬಹುದೆಂದು ಕಾಯಿದೆ ಮಾಡಿದ್ದರು. ಜೇ ನಿಯರ್ ಎಂಬವನ ವಾರಪತ್ರವನ್ನು ಆ ಪ್ರಕಾರ ಮುಚ್ಚಿಸಿದರು. ಆ ಪತ್ರವು ಯಾರೂ ಹೆಮ್ಮೆಪಡತಕ್ಕ ಪತ್ರವಲ್ಲ. ಯೆಹೂದ್ಯರ ಮೇಲೆ ವಿಷಕಾರುವುದೇ ಅದರ ಕಸಬಾಗಿತ್ತು. ಆದರೂ ಐವರು ನ್ಯಾಯಾಧೀಶರು ಒಂದು ಕಡೆಗೆ, ನಾಲ್ವರು ಇನ್ನೊಂದು ಕಡೆಗೆ ನಿಂತು, ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ತಳ್ಳಿಹಾಕಿತು. ಬರೆದ ಮೇಲೆ ತಪ್ಪಾಗಿದ್ದರೆ ಮಾನಹಾನಿಯ ಫಿರ್ಯಾದು ಮಾಡಬಹುದು. ಬರೆಯುವುದಕ್ಕೆ ಮೊದಲೇ ಬಾಯಿಗೆ ಬೀಗ ಹಾಕಕೂಡದು ಎಂಬುದು ಆ ತೀರ್ಪಿನ ಸಾರ. ಹೀಗೆ ಮುಂಚಿನ ಬೀಗವು ಹೋಯಿತು. ಉಳಿದದ್ದು ಅನಂತರದ ದಂಡ. ಆ ದಂಡವೇ ಬೀಗವಾಗಬಲ್ಲುದೆಂಬುದು ೧೯೬೦ರಲ್ಲಿ ಗೊತ್ತಾಯಿತು.

ಆ ವರ್ಷದ ಮಾರ್ಚ ೨೯ರಂದು 'ನ್ಯೂಯಾರ್ಕ್ ಟೈಮ್ಸ್' ಪತ್ರದಲ್ಲಿ ಒಂದು ಪುಟದ ಜಾಹೀರಾತು ಬಂದಿತು. ದಕ್ಷಿಣದ ಸಂಸ್ಥಾನಗಳಲ್ಲಿ ಕಪ್ಪುವರ್ಣೀಯರು ನಡೆಯಿಸುತ್ತಿದ್ದ ಸಮಾನತೆಯ ಹೋರಾಟಕ್ಕೂ ಅದರ ಮುಖಂಡರಾದ ಮಾರ್ಟಿನ್ ಲೂಥರ್ ಕಿಂಗ್ ಅವರ ಖಟ್ಲೆಯ ವೆಚ್ಚಕ್ಕೂ ಧನಸಹಾಯವನ್ನು ಬೇಡುವ ಜಾಹೀರಾತು ಅದು. ಅಲಬಾಮ ಸಂಸ್ಥಾನದ ಮಾಂಟ್‌ಗೊಮರಿ ಪಟ್ಟಣದಲ್ಲಿ ವಿದ್ಯಾರ್ಥಿಗಳ ಮೇಲೆ ಪೋಲೀಸರು ನಡೆಯಿಸಿದ ಜುಲುಮೆಯನ್ನು ಅದರಲ್ಲಿ ವರ್ಣಿಸಿದ್ದರು. ಆ ವರ್ಣನೆಯಲ್ಲಿ ಕೆಲವು ತಪ್ಪುಗಳಿದ್ದುವು. ಕಿಂಗ್ ಅವರನ್ನು ಏಳು ಸಲ ಬಂಧಿಸಿದರೆಂದು ಬರೆದಿತ್ತು. ನಿಜವಾಗಿ ನಾಲ್ಕು ಸಲ. ವಿದ್ಯಾರ್ಥಿಗಳು ಹಾಡಿದ ದೇಶಭಕ್ತಿಯ ಗೀತ ಒಂದಾದರೆ ಜಾಹೀರಾತಿನಲ್ಲಿ ಹೇಳಿದ ಗೀತ ಇನ್ನೊಂದು. ಕಾಲೇಜಿನ ಊಟದ ಮನೆಗೆ ಬೀಗ ಹಾಕಿದರೆಂಬ ಮಾತು ಸರಿಯಾಗಿರಲಿಲ್ಲ. ಪತ್ರದ ಕಚೇರಿಯಲ್ಲಿದ್ದ ಹಳೆಯ ವರದಿಗಳನ್ನು ತೆರೆದು ನೋಡಿದ್ದರೆ ಕೆಲವು ತಪ್ಪುಗಳಾದರೂ ಗೊತ್ತಾಗುತ್ತಿದ್ದುವು, ಯಾರೂ ನೋಡಲಿಲ್ಲ.

ಆ ಪಟ್ಟಣದ ಪೋಲೀಸ ಖಾತೆಯ ಮೇಲ್ವಿಚಾರಕನಾಗಿದ್ದ ಎಲ್. ಬಿ. ಸಲಿವನ್ ಎಂಬವನು ಮಾನಹಾನಿಯ ಫಿರ್ಯಾದು ಹೂಡಿದನು. ಜಾಹೀರಾತಿನಲ್ಲಿ ಅವನ ಹೆಸರು ಎಲ್ಲಿಯೂ ಇರಲಿಲ್ಲ. ಆ ದಿನದ ಸುಮಾರು ಆರೂವರೆ ಲಕ್ಷ ಪ್ರತಿಗಳಲ್ಲಿ ಅಲಬಾಮಕ್ಕೆ ಹೋದವು ಸುಮಾರು ೩೯೪ ಮಾತ್ರ. ಆದರೂ ಬಿಳಿಯರೇ ತುಂಬಿದ ಜೂರಿಯು ಅವನಿಗೆ ೫ ಲಕ್ಷ ಡಾಲರುಗಳ ಪರಿಹಾರವನ್ನು ಕೊಡಿಸಿತು. ಜಾಹೀರಾತಿನಲ್ಲಿ ಹೆಸರು ಕಾಣಿಸಿದ ನಾಲ್ವರು ಕಪ್ಪುವರ್ಣೀಯ ಪಾದ್ರಿಗಳನ್ನೂ ಪ್ರತಿವಾದಿಗಳನ್ನಾಗಿ ಎಳೆದಿದ್ದರು. ಹೊಣೆಯು ಅವರ ಮೇಲೆಯೂ ಬಿದ್ದಿತು. ಮೇಲಿನ ನ್ಯಾಯಾಲಯದ ತೀರ್ಪು ಬರುವ ಮೊದಲೇ ಅವರಲ್ಲಿ ಕೆಲವರ ಮೋಟಾರುಗಾಡಿಗಳು ಜಪ್ತಿಯಾದುವು. ಖಟ್ಲೆಯು ಇದೊಂದೇ ಅಲ್ಲ. ಅಲಬಾಮದ ಅಧಿಕಾರಿಗಳು ಅದೇ ಪತ್ರದ ಮೇಲೆ ಹೂಡಿದ್ದ ೧೧ ಖಟ್ಲೆಗಳಲ್ಲಿ ಒಟ್ಟು ೫೬ ಲಕ್ಷ ಡಾಲರುಗಳನ್ನು ಕೇಳಿದ್ದರು. ಇವುಗಳ ಇಂಗಿತವು ಸ್ಪಷ್ಟವಾಗಿತ್ತು. ಉತ್ತರದ ಪತ್ರಗಳು ದಕ್ಷಿಣಕ್ಕೆ ಬಾತ್ಮಿದಾರರನ್ನು ಕಳುಹಿಸಲು ಹೆದರಬೇಕು. ಅಲ್ಲಿಯ ಅನ್ಯಾಯವು ಹೊರಗಿನವರ ಕಣ್ಣಿಗೆ ಬೀಳಬಾರದು. ಮಾನಹಾನಿಯ ಕಾಯಿದೆಯು ಮಾನವಂತನ ಕೈಯಲ್ಲಿ ಕೊಡೆಯಾಗಿರುವುದರ ಬದಲಾಗಿ ಅಧಿಕಾರಿಯ ಕೈಯಲ್ಲಿ ದೊಣ್ಣೆಯಾಯಿತು.

೧೯೬೪ನೆಯ ಮಾರ್ಚ ೯ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯೂ ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಅವರು ಬರೆದ ತೀರ್ಪಿನ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಸಾರ್ವಜನಿಕ ವಿಷಯಗಳ ಬಿಸಿಬಿಸಿಯಾದ ಚರ್ಚೆಯಲ್ಲಿ ತಪ್ಪುಗಳು ಬರುವುದು ಅನಿವಾರ್ಯ. ಪ್ರತಿಯೊಂದು ತಪ್ಪಿಗೂ ದಂಡ ತೆರಬೇಕಾದರೆ, ನಿಜವೆಂದು ನಂಬಿದವನೂ, ಅದು ನಿಜವೇ ಆಗಿದ್ದವನೂ, ನ್ಯಾಯಾಲಯದಲ್ಲಿ ಸಿದ್ಧಮಾಡಲಾರೆನೋ ಎಂಬ ಅಂಜಿಕೆಯಿಂದ ಬಾಯಿ ಮುಚ್ಚಿಕೊಳ್ಳುವನು. ಆದುದರಿಂದ ಸರಕಾರದ ಅಧಿಕಾರಿಯು ತನ್ನ ಅಧಿಕಾರದ ನಡತೆಯನ್ನು ಕುರಿತ ಬರೆಹಕ್ಕೆ ಪರಿಹಾರ ಪಡೆಯಬೇಕಾದರೆ, ಬರೆದವನು ಸುಳ್ಳೆಂದು ತಿಳಿದೇ ಬರೆದನು, ಇಲ್ಲವೆ ನಿಜವೋ ಸುಳ್ಳೋ ಎಂಬುದನ್ನು ಲೆಕ್ಕಿಸದೆ ಬರೆದನು ಎಂದು ಸ್ಪಷ್ಟವಾದ ಪುರಾವೆಯಿಂದ ತೋರಿಸಬೇಕು. ಎಲ್ಲೆಯನ್ನು ನಿಜಕ್ಕೂ ಸುಳ್ಳಿಗೂ ನಡುವೆ ಎಳೆಯಲಿಲ್ಲ; ಪ್ರಾಮಾಣಿಕವಾದ ತಪ್ಪಿಗೂ ತಿಳಿದು ಆಡಿದ ಸುಳ್ಳಿಗೂ ನಡುವೆ ಎಳೆದರು. ಈ ವ್ಯಾಖ್ಯಾನದಲ್ಲೆಲ್ಲ ತಾವು ನೆನಪಿನಲ್ಲಿಡತಕ್ಕ ಮಾತು ಇದೊಂದೇ.

ಅನಂತರದ ತೀರ್ಪುಗಳು ಈ ಎಲ್ಲೆಯನ್ನು ವಿಸ್ತರಿಸಿದುವು, ವಿಂಗಡಿಸಿದುವು. ೧೯೬೭ರಲ್ಲಿ ಅಧಿಕಾರವಿಲ್ಲದಿದ್ದರೂ ಲೋಕಪ್ರಸಿದ್ಧರಾದವರಿಗೂ ಇಂಥದೇ ಕಟ್ಟಳೆ ಎಂದಾಯಿತು. ಪ್ರಸಿದ್ಧರಿಗೆ ನ್ಯಾಯವೇ ಇಲ್ಲವೆಂದಲ್ಲ. ಆ ವರ್ಷವೇ ಜಾರ್ಜಿಯದ ವಾಲಿ ಬಟ್ಸ್ ಎಂಬ ಕಾಲ್ಚೆಂಡಾಟದ ಮುಖ್ಯಸ್ಥನು, ತಾನು ಪಂದ್ಯದ ಗುಟ್ಟನ್ನು ಎದುರಾಳಿಗಳಿಗೆ ತಿಳಿಸಿಕೊಟ್ಟೆನೆಂದು ಬರೆದ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರದ ಮೇಲೆ ಜಯ ಪಡೆದನು. ದೂರವಾಣಿಯ ತಂತಿಯಲ್ಲಿ ಅಕಸ್ಮಾತ್ತಾಗಿ ಕಿವಿಗೆ ಬಿದ್ದಿತೆಂಬ ಒಬ್ಬನ ಮಾತನ್ನು ನಂಬಿ, ಅವನು ಬರೆದಿಟ್ಟುಕೊಂಡ ಟಿಪ್ಪಣಿಯನ್ನೂ ನೋಡದೆ, ಆ ಪತ್ರದವರು ಲೇಖವನ್ನು ಅಚ್ಚುಹಾಕಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ನಮ್ಮ ನಾಣ್ಣುಡಿಯನ್ನು ಅವರು ಕೇಳಿರಲಿಲ್ಲವೆಂದು ತೋರುವುದು. ಅದಕ್ಕಾಗಿ ಅವರು ೪ ಲಕ್ಷ ೬೦ ಸಾವಿರ ಡಾಲರುಗಳನ್ನು ತೆರಬೇಕಾಯಿತು. ೧೯೭೪ರಲ್ಲಿ, ಎಲ್ಮರ್ ಗರ್ಟ್ಸ್ ಎಂಬ ವಕೀಲನ ಖಟ್ಲೆಯಲ್ಲಿ, ಸಾಮಾನ್ಯ ಗೃಹಸ್ಥರಿಗೆ ಹೆಚ್ಚಿನ ರಕ್ಷಣೆ ಬೇಕೆಂದು ತೀರ್ಮಾನವಾಯಿತು. ಅಧಿಕಾರಿಗೂ ಪ್ರಸಿದ್ಧನಿಗೂ ಎದ್ದು ನಿಂತು ಉತ್ತರ ಹೇಳಲು ವೇದಿಕೆಯುಂಟು. ಅವರು ಲೋಕದ ಕಣ್ಣಿಗೆ ತಾವಾಗಿ ಬಂದವರು. ಮನೆಯಲ್ಲಿ ಕುಳಿತ ಗೃಹಸ್ಥನಿಗೆ ಅಂಥ ವೇದಿಕೆಯಿಲ್ಲ. ಆದುದರಿಂದ ಅವನ ವಿಷಯದಲ್ಲಿ ಪತ್ರವು ತಕ್ಕ ಎಚ್ಚರಿಕೆಯನ್ನು ವಹಿಸಲಿಲ್ಲವೆಂದು ತೋರಿಸಿದರೂ ಪರಿಹಾರವನ್ನು ಪಡೆಯುವ ದಾರಿಯನ್ನು ಸಂಸ್ಥಾನಗಳು ತೆರೆದಿಡಬಹುದು.

ಹೀಗೆ ಕಟ್ಟಳೆಯು ಕಾಗದದ ಮೇಲೆ ಸೊಗಸಾಗಿದೆ. ಆದರೆ ಅದು ನಿಷ್ಪಾಪಿಯನ್ನು ಯಾವಾಗಲೂ ಕಾಯುವುದೆಂದು ತಿಳಿಯಬೇಡಿರಿ. ೧೯೯೬ರ ಜುಲೈ ೨೭ರಂದು, ಆಟ್ಲಾಂಟ ನಗರದಲ್ಲಿ ಒಲಿಂಪಿಕ್ ಕ್ರೀಡೋತ್ಸವವು ನಡೆಯುತ್ತಿರುವಾಗ, ಉದ್ಯಾನವೊಂದರಲ್ಲಿ ಬಾಂಬು ಸಿಡಿದು ನೂರಕ್ಕೂ ಮಿಕ್ಕಿ ಜನರು ಗಾಯಗೊಂಡರು. ಬಾಂಬಿದ್ದ ಚೀಲವನ್ನು ಮೊದಲು ಕಂಡು ಜನರನ್ನು ದೂರ ಸರಿಸಲು ನೆರವಾದವನು ರಿಚರ್ಡ್ ಜ್ಯುವೆಲ್ ಎಂಬ ಕಾವಲುಗಾರನು. ಮೊದಲೆರಡು ದಿನ ಪತ್ರಗಳು ಅವನನ್ನು ವೀರನೆಂದು ಕೊಂಡಾಡಿದುವು. ಮೂರನೆಯ ದಿನ, ಪತ್ತೇದಾರರು ಅವನ ಮೇಲೆಯೇ ಸಂಶಯಪಡುತ್ತಿರುವರೆಂದು ಆ ಊರಿನ ದೊಡ್ಡ ಪತ್ರವು ಹೆಸರು ಹಾಕಿ ಬರೆಯಿತು. ದೇಶದ ದೂರದರ್ಶನಗಳೆಲ್ಲ ಅದನ್ನು ಹಿಡಿದು ಮೊಳಗಿಸಿದುವು. ೮೮ ದಿನಗಳವರೆಗೆ ಅವನೂ ಅವನ ತಾಯಿಯೂ ಕ್ಯಾಮರಾಗಳ ದಿಗ್ಬಂಧನದಲ್ಲಿ ಬಾಳಿದರು. ಅಕ್ಟೋಬರದಲ್ಲಿ ಸರಕಾರವು ಅವನ ಮೇಲೆ ಸಂಶಯವಿಲ್ಲವೆಂದು ಪತ್ರ ಕೊಟ್ಟಿತು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್ ಎಂಬವನು ೨೦೦೫ರಲ್ಲಿ ತಪ್ಪನ್ನು ಒಪ್ಪಿಕೊಂಡನು.

ಜ್ಯುವೆಲನು ಖಟ್ಲೆ ಹೂಡಿದಾಗ ಕೆಲವು ಸಂಸ್ಥೆಗಳು ಹಣ ಕೊಟ್ಟು ರಾಜಿಯಾದುವು. ಆದರೆ ಮೊದಲು ಬರೆದ ಪತ್ರವು ಕಡೆಯವರೆಗೆ ಹೋರಾಡಿತು. ಕೆಲವು ಸಂದರ್ಶನಗಳನ್ನು ಕೊಟ್ಟುದರಿಂದ ಅವನು ಆ ವಿಷಯದ ಮಟ್ಟಿಗೆ ಸಾರ್ವಜನಿಕ ವ್ಯಕ್ತಿಯಾದನೆಂದು ಜಾರ್ಜಿಯದ ಮೇಲ್ಮನವಿಯ ನ್ಯಾಯಾಲಯವು ಹೇಳಿತು. ಪತ್ತೇದಾರರು ಸಂಶಯಪಟ್ಟಿದ್ದುದು ಆ ಹೊತ್ತಿಗೆ ನಿಜವೇ ಆಗಿತ್ತೆಂದು ೨೦೧೧ರಲ್ಲಿ ಖಟ್ಲೆಯು ಕೊನೆಗಂಡಿತು. ಅಷ್ಟು ಹೊತ್ತಿಗೆ ಜ್ಯುವೆಲನು ಬದುಕಿರಲಿಲ್ಲ. ೨೦೦೭ರಲ್ಲಿ ತನ್ನ ೪೪ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು. ಇಲ್ಲಿ ಕಾಯಿದೆಯು ಮುರಿಯಲಿಲ್ಲ. ಬರೆದ ವಾಕ್ಯವು ಅಕ್ಷರಶಃ ಸುಳ್ಳೂ ಆಗಿರಲಿಲ್ಲ. ಆದರೂ ಒಬ್ಬ ನಿಷ್ಪಾಪಿಯ ಬಾಳು ಕೆಟ್ಟಿತು. ಕಾಯಿದೆಗೆ ಸರಿಯಾದುದೆಲ್ಲವೂ ಧರ್ಮಕ್ಕೆ ಸರಿಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೇ?

ಹಾಗಾದರೆ ಪತ್ರಗಳು ಧರ್ಮದಿಂದ ನಡೆಯುವಂತೆ ಕಾಯಿದೆಯಿಂದಲೇ ಕಡ್ಡಾಯಮಾಡಬಾರದೇಕೆ ಎಂದು ತಾವು ಕೇಳಬಹುದು. ಫ್ಲಾರಿಡ ಸಂಸ್ಥಾನದವರು ಅದನ್ನೂ ಮಾಡಿ ನೋಡಿದ್ದರು. ಚುನಾವಣೆಯ ಉಮೇದುವಾರನನ್ನು ಟೀಕಿಸಿದ ಪತ್ರವು ಅವನ ಉತ್ತರವನ್ನು ಅಷ್ಟೇ ಎದ್ದು ಕಾಣುವ ಸ್ಥಳದಲ್ಲಿ, ದುಡ್ಡು ತೆಗೆದುಕೊಳ್ಳದೆ ಅಚ್ಚುಹಾಕಬೇಕೆಂದು ೧೯೧೩ರಲ್ಲಿಯೇ ಕಾಯಿದೆಯಿತ್ತು. ೧೯೭೨ರಲ್ಲಿ ಪ್ಯಾಟ್ ಟೋರ್ನಿಲೊ ಎಂಬವನು ಅಲ್ಲಿಯ ಶಾಸನಸಭೆಗೆ ಉಮೇದುವಾರನಾಗಿ ನಿಂತನು. ಉಪಾಧ್ಯಾಯರಾದ ತಮಗೆ ಇವನ ಕಥೆಯಲ್ಲಿ ಆಸಕ್ತಿ ಹುಟ್ಟಬಹುದು. ಏಕೆಂದರೆ ಇವನು ಮಯಾಮಿ ಪ್ರದೇಶದ ಉಪಾಧ್ಯಾಯರ ಸಂಘದ ಮುಖಂಡನು. ಹಿಂದೆ ೧೯೬೮ರಲ್ಲಿ ಉಪಾಧ್ಯಾಯರ ಮುಷ್ಕರವನ್ನು ನಡೆಯಿಸಿದವನೆಂದು 'ಮಯಾಮಿ ಹೆರಾಲ್ಡ್' ಪತ್ರವು ತನ್ನ ಅಗ್ರಲೇಖಗಳಲ್ಲಿ ಅವನನ್ನು ಖಂಡಿಸಿತು. ಅವನು ಬರೆದ ಉತ್ತರವನ್ನು ಅಚ್ಚುಹಾಕಲು ಒಪ್ಪಲಿಲ್ಲ. ಅವನು ಕಾಯಿದೆಯನ್ನು ಹಿಡಿದು ನ್ಯಾಯಾಲಯಕ್ಕೆ ಹೋದನು.

ಸರ್ವೋಚ್ಚ ನ್ಯಾಯಾಲಯವು ೧೯೭೪ನೆಯ ಜೂನ ೨೫ರಂದು, ಗರ್ಟ್ಸ್ ವಕೀಲನ ತೀರ್ಪನ್ನು ಕೊಟ್ಟ ದಿನದಂದೇ, ಟೋರ್ನಿಲೊನ ವಿರುದ್ಧವಾಗಿ ಒಮ್ಮತದ ತೀರ್ಪನ್ನು ಕೊಟ್ಟಿತು. ಇದನ್ನು ಅಚ್ಚುಹಾಕಬೇಡ ಎನ್ನುವುದು ಎಷ್ಟು ತಪ್ಪೋ, ಇದನ್ನು ಅಚ್ಚುಹಾಕು ಎಂದು ಸರಕಾರವು ಆಜ್ಞಾಪಿಸುವುದೂ ಅಷ್ಟೇ ತಪ್ಪು. ಉತ್ತರಕ್ಕೆ ಎಡೆ ಕೊಡಬೇಕಾಗುವುದೆಂಬ ಭಯದಿಂದ ಪತ್ರಗಳು ಟೀಕೆಯನ್ನೇ ಬಿಟ್ಟಾವು. ಪತ್ರಗಳು ಹೊಣೆಯರಿತು ನಡೆಯಬೇಕೆಂಬುದು ಅಪೇಕ್ಷಣೀಯವೇ. ಆದರೆ ರಾಜ್ಯಘಟನೆಯು ಅದನ್ನು ವಿಧಿಸಿಲ್ಲ, ಕಾಯಿದೆಯಿಂದ ಅದನ್ನು ಹುಟ್ಟಿಸಲೂ ಬರುವುದಿಲ್ಲ. ಹೀಗೆ ಹೇಳಿ ನ್ಯಾಯಾಲಯವು ಹೊಣೆಯನ್ನು ತಾನು ಹೊರದೆ ಸಂಪಾದಕರ ಹೆಗಲಿಗೂ ವಾಚಕರ ಹೆಗಲಿಗೂ ದಾಟಿಸಿತು.

ಅವರು ಆ ಹೊಣೆಯನ್ನು ಹೊತ್ತರೇ? ಚರಿತ್ರೆಯು ಅಷ್ಟು ಸಮಾಧಾನಕರವಾಗಿಲ್ಲ. ೧೯೪೭ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಅವರ ಅಧ್ಯಕ್ಷತೆಯಲ್ಲಿ ವಿದ್ವಾಂಸರ ಮಂಡಲವೊಂದು, ಪತ್ರಗಳು ತಾವಾಗಿ ತಮ್ಮನ್ನು ತಿದ್ದಿಕೊಳ್ಳದಿದ್ದರೆ ಅವುಗಳ ಸ್ವಾತಂತ್ರ್ಯಕ್ಕೇ ಕುತ್ತು ಬರುವುದೆಂದು ವರದಿ ಕೊಟ್ಟಿತು. ಪತ್ರಗಳು ಆ ವರದಿಯನ್ನು ಬಹಳ ಮಟ್ಟಿಗೆ ಮುಖ ಸಿಂಡರಿಸಿಕೊಂಡೇ ಓದಿದುವು. ೧೯೭೩ರಲ್ಲಿ ಜನರ ದೂರುಗಳನ್ನು ವಿಚಾರಿಸುವ ರಾಷ್ಟ್ರೀಯ ವಾರ್ತಾ ಮಂಡಲಿಯೊಂದು ಹುಟ್ಟಿತು. 'ನ್ಯೂಯಾರ್ಕ್ ಟೈಮ್ಸ್' ಪತ್ರವೇ ಅದಕ್ಕೆ ಸಹಕಾರ ಕೊಡಲಿಲ್ಲ. ೧೯೮೪ರಲ್ಲಿ ಅದು ಮುಚ್ಚಿಹೋಯಿತು. ಕೆಲವು ಪತ್ರಗಳು ವಾಚಕರ ದೂರುಗಳನ್ನು ಕೇಳಿ ತಮ್ಮ ಪತ್ರದ ತಪ್ಪನ್ನೇ ಬಹಿರಂಗವಾಗಿ ವಿಮರ್ಶಿಸುವ ಅಧಿಕಾರಿಯೊಬ್ಬನನ್ನು ನೇಮಿಸಿಕೊಂಡುವು. ಇದು ನಿಜಕ್ಕೂ ಮೆಚ್ಚತಕ್ಕ ಏರ್ಪಾಡು. ಆದರೆ 'ವಾಷಿಂಗ್ಟನ್ ಪೋಸ್ಟ್' ಪತ್ರವು ಆ ಹುದ್ದೆಯನ್ನು ೨೦೧೩ರಲ್ಲಿಯೂ 'ನ್ಯೂಯಾರ್ಕ್ ಟೈಮ್ಸ್' ಪತ್ರವು ೨೦೧೭ರಲ್ಲಿಯೂ ತೆಗೆದುಹಾಕಿದುವು. ಸ್ವಾತಂತ್ರ್ಯಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿದ ಪತ್ರವು ಹೊಣೆಗಾರಿಕೆಯ ಕುರ್ಚಿಯೊಂದನ್ನು ತನ್ನ ಕಚೇರಿಯಲ್ಲಿ ಉಳಿಸಿಕೊಳ್ಳಲಾರದೆ ಹೋದುದು ಶೋಚನೀಯವೆಂದು ನಾವು ಬಗೆಯುತ್ತೇವೆ.

ಇನ್ನು ತಿಳಿದು ಆಡಿದ ಸುಳ್ಳಿನ ಮಾತು. ೨೦೨೦ರ ಅಧ್ಯಕ್ಷ ಚುನಾವಣೆಯ ತರುವಾಯ, ಡೊಮಿನಿಯನ್ ಎಂಬ ಕಂಪನಿಯ ಮತಯಂತ್ರಗಳಿಂದ ಮೋಸ ನಡೆಯಿತೆಂಬ ಆರೋಪಗಳನ್ನು ಫಾಕ್ಸ್ ನ್ಯೂಸ್ ವಾಹಿನಿಯು ಪ್ರಸಾರಮಾಡಿತು. ಕಂಪನಿಯು ಡೆಲವೇರ್ ಸಂಸ್ಥಾನದಲ್ಲಿ ಖಟ್ಲೆ ಹೂಡಿತು. ವಾಹಿನಿಯ ಮುಖಂಡರೂ ನಿರೂಪಕರೂ ಆ ಆರೋಪಗಳನ್ನು ತಾವೇ ನಂಬಿರಲಿಲ್ಲವೆಂಬುದು ಅವರು ಒಬ್ಬರಿಗೊಬ್ಬರು ಬರೆದ ಖಾಸಗಿ ಸಂದೇಶಗಳಿಂದ ಬಯಲಾಯಿತು. ಆ ಆರೋಪಗಳಲ್ಲಿ ಒಂದೂ ನಿಜವಲ್ಲವೆಂದು ನ್ಯಾಯಾಧೀಶರು ವಿಚಾರಣೆಗೆ ಮೊದಲೇ ತೀರ್ಮಾನಿಸಿದರು. ೨೦೨೩ನೆಯ ಏಪ್ರಿಲ ೧೮ರಂದು ವಾಹಿನಿಯು ೭೮ ಕೋಟಿ ೭೫ ಲಕ್ಷ ಡಾಲರುಗಳನ್ನು ಕೊಟ್ಟು ರಾಜಿಯಾಯಿತು. ಇದಕ್ಕೂ ಘೋರವಾದುದು ಇನ್ನೊಂದು. ೨೦೧೨ರ ಡಿಸೆಂಬರದಲ್ಲಿ ಕನೆಕ್ಟಿಕಟ್ ಸಂಸ್ಥಾನದ ಸ್ಯಾಂಡಿ ಹುಕ್ ಶಾಲೆಯಲ್ಲಿ ೨೦ ಎಳೆಯ ಮಕ್ಕಳನ್ನೂ ಶಾಲೆಯ ೬ ಮಂದಿ ಹಿರಿಯರನ್ನೂ ಒಬ್ಬ ಪಾಪಿಯು ಗುಂಡಿಕ್ಕಿ ಕೊಂದನು. ಆ ಕೊಲೆಯೇ ನಡೆಯಲಿಲ್ಲ, ಅದೆಲ್ಲ ನಾಟಕವೆಂದು ಅಲೆಕ್ಸ್ ಜೋನ್ಸ್ ಎಂಬವನು ತನ್ನ ಪ್ರಸಾರದಲ್ಲಿ ವರ್ಷಗಟ್ಟಲೆ ಸಾರಿದನು. ಮಕ್ಕಳನ್ನು ಮಣ್ಣುಮಾಡಿ ಬಂದ ತಂದೆತಾಯಿಗಳನ್ನು ಅವನ ಮಾತನ್ನು ನಂಬಿದವರು ಬೆದರಿಸಿದರು, ಪೀಡಿಸಿದರು. ೨೦೨೨ರಲ್ಲಿ ಕನೆಕ್ಟಿಕಟ್ಟಿನ ಜೂರಿಯು ಅವನ ಮೇಲೆ ೯೬ ಕೋಟಿ ೫೦ ಲಕ್ಷ ಡಾಲರುಗಳ ಪರಿಹಾರವನ್ನು ಹೊರಿಸಿತು. ೧೯೬೪ರ ಕಟ್ಟಳೆಯು ಸುಳ್ಳುಗಾರನಿಗೆ ಅಭಯಹಸ್ತವೆಂದು ಹೇಳುವವರಿಗೆ ಈ ಎರಡು ಖಟ್ಲೆಗಳೇ ಸಾಕಾದಷ್ಟು ಉತ್ತರವನ್ನು ಕೊಡುವುವು.

ಆದರೂ ಇಲ್ಲಿ ಒಂದು ಕೊರತೆಯನ್ನು ಕಾಣದಿರಲಾಗದು. ಫಾಕ್ಸ್ ವಾಹಿನಿಯು ಹಣವನ್ನೇನೋ ಕೊಟ್ಟಿತು. ನ್ಯಾಯಾಲಯದ ತೀರ್ಮಾನವನ್ನು ಮನ್ನಿಸುತ್ತೇವೆಂದು ಹೇಳಿಕೆಯನ್ನೂ ಹೊರಡಿಸಿತು. ಆದರೆ ಸುಳ್ಳನ್ನು ಪ್ರಸಾರಮಾಡಿದ ಅದೇ ವೇದಿಕೆಯಿಂದ, ಕೇಳಿದ ಅದೇ ಜನರ ಮುಂದೆ ಕ್ಷಮೆ ಕೇಳಬೇಕೆಂಬ ಕರಾರು ಆ ರಾಜಿಯಲ್ಲಿ ಇರಲಿಲ್ಲ. ಕಂಪನಿಗೆ ಪರಿಹಾರ ದೊರೆಯಿತು. ಸುಳ್ಳನ್ನು ನಂಬಿದ ಪ್ರೇಕ್ಷಕನಿಗೆ ಏನು ದೊರೆಯಿತು? ಅವನ ತಲೆಯಲ್ಲಿ ಕುಳಿತ ಸುಳ್ಳನ್ನು ಯಾರು ಇಳಿಸುವರು? ಇದಕ್ಕೆ ಇದಿರಾಗಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿರಿ. ೨೦೧೭ರ ಜೂನದಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರವು, ಅಲಾಸ್ಕದ ಮಾಜಿ ಗವರ್ನರ್ ಸೇರಾ ಪೇಲಿನ್ ಅವರ ರಾಜಕೀಯ ಸಮಿತಿಯನ್ನು ಒಂದು ಕೊಲೆಪಾತಕದ ಜೊತೆಗೆ ತಪ್ಪಾಗಿ ಹೆಣೆದು ಅಗ್ರಲೇಖ ಬರೆಯಿತು. ತಪ್ಪೆಂದು ಗೊತ್ತಾದ ಕೂಡಲೆ, ಮರುದಿನವೇ ತಿದ್ದಿ ಪ್ರಕಟಿಸಿತು. ಆಕೆಯು ಖಟ್ಲೆ ಹೂಡಿದಾಗ ೨೦೨೨ರಲ್ಲಿ ಒಂದು ಸಲವೂ, ಮರುವಿಚಾರಣೆಯಾಗಿ ೨೦೨೫ರಲ್ಲಿ ಇನ್ನೊಂದು ಸಲವೂ ಜೂರಿಯು ಪತ್ರದ ಪರವಾಗಿಯೇ ನಿಂತಿತು. ತಪ್ಪನ್ನು ಒಪ್ಪಿಕೊಂಡು ತಿದ್ದುವುದು ಧರ್ಮವೂ ಹೌದು, ವ್ಯವಹಾರದಲ್ಲಿ ಜಾಣತನವೂ ಹೌದು.

ಕಾಲವು ಇನ್ನೊಂದು ತೊಡಕನ್ನು ತಂದಿದೆ. ಪತ್ರವು ತಾನು ಅಚ್ಚುಹಾಕಿದ ಪರರ ಜಾಹೀರಾತಿಗೂ ಹೊಣೆಯೆಂಬುದನ್ನು ಸಲಿವನ್ನನ ಖಟ್ಲೆಯಲ್ಲಿ ಕಂಡಿರಿ. ಆದರೆ ೧೯೯೬ರ ಕಾಯಿದೆಯೊಂದರ ೨೩೦ನೆಯ ಕಲಮಿನ ಪ್ರಕಾರ, ಅಂತರ್ಜಾಲದ ಮೂಲಕ ಪರರ ಮಾತನ್ನು ಹೊತ್ತೊಯ್ಯುವ ಕಂಪನಿಗಳನ್ನು ಆ ಮಾತಿನ ಪ್ರಕಾಶಕರೆಂದು ಎಣಿಸುವುದಿಲ್ಲ. ಆಡಿದವನು ಮಾತ್ರ ಹೊಣೆ. ಒಂದೇ ನಿಂದೆಯು ಕಾಗದದ ಮೇಲೆ ಬಂದರೆ ಒಂದು ನ್ಯಾಯ, ಪರದೆಯ ಮೇಲೆ ಬಂದರೆ ಇನ್ನೊಂದು ನ್ಯಾಯ ಎಂಬಂತಾಗಿದೆ. ಆಡಿದವನು ಯಾರೆಂದೇ ಗೊತ್ತಾಗದಿದ್ದರೆ ನೊಂದವನು ಯಾರ ಮನೆಯ ಬಾಗಿಲನ್ನು ತಟ್ಟಬೇಕು?

ಈ ಕಾರಣಗಳಿಂದ ೧೯೬೪ರ ಕಟ್ಟಳೆಯನ್ನೇ ಕಿತ್ತುಹಾಕಬೇಕೆಂಬ ಕೂಗು ಅಲ್ಲಿ ಎದ್ದಿದೆ. ಸರ್ವೋಚ್ಚ ನ್ಯಾಯಾಲಯದವರಲ್ಲಿಯೇ ನ್ಯಾಯಮೂರ್ತಿ ಥಾಮಸ್ ಅವರು ೨೦೧೯ರಲ್ಲಿಯೂ ನ್ಯಾಯಮೂರ್ತಿ ಗೋರ್ಸಚ್ ಅವರು ೨೦೨೧ರಲ್ಲಿಯೂ ಅದನ್ನು ಮರಳಿ ವಿಚಾರಿಸಬೇಕೆಂದು ಬರೆದರು. ೨೦೨೫ರ ಮಾರ್ಚದಲ್ಲಿ ಧನಿಕನೊಬ್ಬನು ಅದೇ ಪ್ರಾರ್ಥನೆಯನ್ನು ಮಾಡಿದಾಗ ನ್ಯಾಯಾಲಯವು ಅದನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕಿತ್ತುಹಾಕುವುದು ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಂಡಂತೆಯೇ ಸರಿ. ಆ ಕಟ್ಟಳೆಯು ಹೋದರೆ ಜ್ಯುವೆಲನಂಥ ಬಡವನಿಗೆ ಆಗುವ ಲಾಭವು ಅಲ್ಪ. ವರ್ಷಾನುಗಟ್ಟಲೆ ಖಟ್ಲೆ ನಡೆಯಿಸುವ ಚೈತನ್ಯವುಳ್ಳ ಧನಿಕನಿಗೂ ಅಧಿಕಾರಿಗೂ ಆಗುವ ಲಾಭವು ಅಪಾರ. ಮೊದಲು ಬಾಯಿ ಮುಚ್ಚುವುದು ದೊಡ್ಡ ಪತ್ರವಲ್ಲ. ತಾಲೂಕಿನ ಚಿಕ್ಕ ಪತ್ರ.

ಇದು ನಮಗೆ ಸಂಬಂಧಪಡದ ಪರದೇಶದ ಸುದ್ದಿಯೆಂದು ಯಾರೂ ಭಾವಿಸಬಾರದು. ೧೯೯೪ರಲ್ಲಿ ತಮಿಳು ವಾರಪತ್ರವೊಂದರ ಸಂಪಾದಕ ರಾಜಗೋಪಾಲ್ ಅವರ ಖಟ್ಲೆಯಲ್ಲಿ ನಮ್ಮ ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಸಲಿವನ್ ತೀರ್ಪನ್ನು ಆಧಾರವಾಗಿ ತೆಗೆದುಕೊಂಡು, ಅಧಿಕಾರಿಯ ಅಧಿಕೃತ ನಡತೆಯನ್ನು ಕುರಿತ ಬರೆಹಕ್ಕೆ, ಅದು ನಿಜವನ್ನು ಲೆಕ್ಕಿಸದೆ ಬರೆದ ಸುಳ್ಳೆಂದು ತೋರಿಸದ ಹೊರತು, ನಷ್ಟಪರಿಹಾರ ದೊರೆಯಲಾರದೆಂದು ಹೇಳಿತು. ಆದರೆ ಮಾನಹಾನಿಯು ನಮ್ಮಲ್ಲಿ ಹಣದ ವ್ಯಾಜ್ಯ ಮಾತ್ರವಲ್ಲ, ಸೆರೆಮನ���ಯ ಅಪರಾಧವೂ ಹೌದು. ೧೮೬೦ರ ದಂಡಸಂಹಿತೆಯ ೪೯೯ನೆಯ ಕಲಮನ್ನು ನ್ಯಾಯಾಲಯವು ೨೦೧೬ರಲ್ಲಿ ಎತ್ತಿಹಿಡಿಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೫೬ನೆಯ ಕಲಮಿನಲ್ಲಿ ಅದೇ ಅಪರಾಧವು ಉಳಿದಿದೆ. ಎರಡು ವರ್ಷಗಳವರೆಗಿನ ಸೆರೆಯ ಅಂಜಿಕೆಯಲ್ಲಿ ಬರೆಯುವ ಸಂಪಾದಕನಿಗೆ ಮಾಂಟ್‌ಗೊಮರಿಯ ಆ ಪಾದ್ರಿಗಳ ಕಥೆಯು ದೂರದ್ದಾಗಿ ತೋರಲಾರದು.

ಕಡೆಯದಾಗಿ, ಕಾಯಿದೆಯು ಕಾಯದೆ ಬಿಟ್ಟ ಎಡೆಯನ್ನು ಕಾಯುವವರು ಯಾರೆಂಬ ಪ್ರಶ್ನೆಗೆ ಬರುತ್ತೇವೆ. ಮೊದಲನೆಯವನು ಸಂಪಾದಕನು. ಸಂಶಯದ ಮಾತ್ರಕ್ಕೆ ಹೆಸರು ಹಾಕಬಾರದು. ಆರೋಪಕ್ಕೆ ಗುರಿಯಾದವನ ಮಾತನ್ನು ಕೇಳದೆ ಬರೆಯಬಾರದು. ತಪ್ಪಿದ್ದರೆ ಮೊದಲು ಬರೆದ ಪುಟದಲ್ಲಿಯೇ, ಅಷ್ಟೇ ದಪ್ಪ ಅಕ್ಷರದಲ್ಲಿ ತಿದ್ದಬೇಕು. ಟೋರ್ನಿಲೊನಿಗೆ ಕಾಯಿದೆಯು ಕೊಡಿಸಲಾರದೆ ಹೋದ ಸ್ಥಳವನ್ನು ಸಂಪಾದಕನು ತನ್ನ ಕೈಯಾರೆ ಕೊಡಬಹುದು. ಅವನನ್ನು ತಡೆಯುವವರು ಯಾರೂ ಇಲ್ಲ. ಎರಡನೆಯವನು ವಾಚಕನು. ನಿಂದೆಯನ್ನು ಕೊಂಡುಕೊಳ್ಳುವವರಿರುವವರೆಗೆ ಮಾರುವವರೂ ಇದ್ದೇ ಇರುವರು. ಮೂರನೆಯವರು ಇಲ್ಲಿ ನೆರೆದಿರುವ ಉಪಾಧ್ಯಾಯರು. ಒಂದೇ ಸಂಗತಿಯನ್ನು ಬರೆದ ಎರಡು ಪತ್ರಗಳನ್ನು ತರಗತಿಯಲ್ಲಿ ಮಕ್ಕಳ ಮುಂದಿಟ್ಟು, ಇದರಲ್ಲಿ ಕಂಡುದೆಷ್ಟು, ಕೇಳಿದುದೆಷ್ಟು, ಊಹಿಸಿದುದೆಷ್ಟು ಎಂದು ಗೆರೆ ಎಳೆಸಿರಿ. ವಾರಕ್ಕೆ ಅರ್ಧ ಗಂಟೆಯ ಕೆಲಸವಿದು. ಅಂಥ ವಿದ್ಯಾರ್ಥಿಗಳು ಬೆಳೆದು ನಾಳೆ ಪತ್ರಗಳ ವಾಚಕರಾದರೆ, ಸುಳ್ಳು ಬರೆಯುವವನಿಗೆ ನ್ಯಾಯಾಲಯಕ್ಕಿಂತ ಅವರ ಅಂಜಿಕೆಯೇ ಹೆಚ್ಚಾದೀತು.